ಗೇರ್‌ಬಾಕ್ಸಿಗೂ ಜ್ವರ ಬರುತ್ತೆ!

ಡೀಸೆಲ್ ಆಟೊಮ್ಯಾಟಿಕ್ ಗಾಡಿ ಓಡಿಸುವವರಿಗೆ ಒಂದು ಪ್ರಶ್ನೆ. ಸಂಜೆ ಆರರ ಹೊತ್ತಿಗೆ ತಿಲಕ್ ನಗರದಿಂದ ಹೊರಟು, ಜಯದೇವ ಜಂಕ್ಷನ್ ದಾಟಿ, ಬಿಟಿಎಂ ಹಾದು ಸಿಲ್ಕ್ ಬೋರ್ಡ್ ಸೇರುವಷ್ಟರಲ್ಲಿ ನಿಮ್ಮ ಗಾಡಿಯ ಗೇರ್‌ಬಾಕ್ಸ್ ಎಷ್ಟು ಬಿಸಿಯಾಗಿರುತ್ತೆ?

‘ಮುಳ್ಳು ಮಧ್ಯದಲ್ಲೇ ಇತ್ತಲ್ಲ, ಏನೂ ಆಗಿಲ್ಲ’ ಅಂತೀರಾ? ಆ ಮುಳ್ಳು ಎಂಜಿನ್ ತಂಪು ಮಾಡುವ ನೀರಿನದು. ಗೇರ್‌ಬಾಕ್ಸಿನ ಆಯಿಲ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಹೆಚ್ಚೆಂದರೆ ಒಂದು ಎಚ್ಚರಿಕೆಯ ದೀಪ. ಅದು ಹತ್ತಿಕೊಂಡಿತು ಅಂದರೆ ಆಗಲೇ ಮಿತಿ ಮೀರಿದೆ ಅಂತಲೇ ಅರ್ಥ.

ಇಪ್ಪತ್ತು ವರ್ಷದ ಹಿಂದೆ ಈ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ಆಗ ಆಟೊಮ್ಯಾಟಿಕ್ ಅಂದರೆ ಶ್ರೀಮಂತರ ಕಾರು, ಇಲ್ಲಾ ವಿದೇಶದಿಂದ ಬಂದವರ ಹಟ. ನಮ್ಮಂಥ ಸಾಮಾನ್ಯರು ಕ್ಲಚ್ ಇಲ್ಲದ ಡೀಸೆಲ್ ಗಾಡಿಯಲ್ಲಿ ಮೊದಲು ಕೂತಿದ್ದು ಬಹುಶಃ 2006ರಲ್ಲಿ ಬಿಎಂಟಿಸಿ ತಂದ ಕೆಂಪು ವೋಲ್ವೊ ಬಸ್ಸಿನಲ್ಲೇ. ಈಗ ನೋಡಿ, ಜಯನಗರ ನಾಲ್ಕನೇ ಟಿ ಬ್ಲಾಕಿನಿಂದ ಬನ್ನೇರುಘಟ್ಟ ರಸ್ತೆ ತನಕ ಒಂದು ಸುತ್ತು ಹಾಕಿದರೆ ಮನೆ ಮುಂದೆ ನಿಂತಿರುವ ದೊಡ್ಡ ಗಾಡಿಗಳಲ್ಲಿ ಎಷ್ಟೋ ಆಟೊಮ್ಯಾಟಿಕ್. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಕ್ರಿಸ್ಟಾ 2016ರಿಂದ ಕೆಲವು ವರ್ಷ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ ಬಂತು. 2023ರಲ್ಲಿ ಮತ್ತೆ ಬಂದಾಗ ಡೀಸೆಲ್‌ಗೆ ಮ್ಯಾನ್ಯುಯಲ್ ಗೇರ್ ಮಾತ್ರ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹಳೇ ಆಟೊಮ್ಯಾಟಿಕ್ ಕ್ರಿಸ್ಟಾಗೆ ಈಗಲೂ ಬೇಡಿಕೆ. ಇನ್ನು ಪಿಕಪ್‌ಗಳು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಎರಡರಲ್ಲೂ ಆರು ಗೇರಿನ ಆಟೊಮ್ಯಾಟಿಕ್ ಉಂಟು. ತೋಟ ಇಟ್ಟುಕೊಂಡು ಊರಿಗೂ ಬೆಂಗಳೂರಿಗೂ ಓಡಾಡುವವರು ಇಂಥವನ್ನು ಕೊಳ್ಳುತ್ತಾರೆ. ಕೊಂಡ ಮೇಲೆ ಗಾಡಿ ತೋಟದಲ್ಲಿ ಇರೋದಕ್ಕಿಂತ ಸಿಗ್ನಲ್ಲಿನಲ್ಲಿ ನಿಲ್ಲೋದೇ ಹೆಚ್ಚು.

ಕೊಳ್ಳುವ ಕಾರಣ ಕೇಳಿದರೆ ಹತ್ತರಲ್ಲಿ ಆರೇಳು ಮನೆಯಲ್ಲಿ ಒಂದೇ ಉತ್ತರ, ಮಂಡಿ ನೋವು. ಎಡಗಾಲಲ್ಲಿ ಕ್ಲಚ್ ಒತ್ತೀ ಒತ್ತೀ ಸಾಕಾಗಿದೆ, ಇನ್ನಾದರೂ ಆರಾಮಾಗಿ ಓಡಿಸೋಣ ಅನ್ನೋ ಆಸೆ. ತಪ್ಪೇನಿಲ್ಲ. ಆದರೆ ನಮ್ಮ ಎಡಗಾಲು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಎಣ್ಣೆ ಮಾಡುತ್ತಿದೆ. ಆ ಎಣ್ಣೆಗೂ ಸುಸ್ತಾಗುತ್ತೆ.

ಎಣ್ಣೆ ಅಂದದ್ದು ಸುಮ್ಮನೆ ಅಲ್ಲ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಒಂದು ದುಂಡನೆಯ ಡಬ್ಬಿ ಇರುತ್ತೆ, ಒಳಗೆ ಎಣ್ಣೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತೆ. ಅದೇ ತತ್ವ, ಗಾಳಿ ಬದಲು ಎಣ್ಣೆ. ಎಂಜಿನ್ ಕಡೆಯ ರೆಕ್ಕೆ ಎಣ್ಣೆಯನ್ನು ಚಿಮ್ಮಿಸುತ್ತೆ, ಗೇರ್ ಕಡೆಯ ರೆಕ್ಕೆ ಆ ಹೊಡೆತಕ್ಕೆ ತಿರುಗುತ್ತೆ. ಹರ್ಮನ್ ಫಾಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಹಡಗು ಸಮುದ್ರದಲ್ಲಿ ಒಂದೇ ವೇಗದಲ್ಲಿ ಹೋಗ್ತಾನೇ ಇರುತ್ತೆ. ಅದಕ್ಕೆ ಮಾರೇನಹಳ್ಳಿ ರಸ್ತೆಯ ಸಿಗ್ನಲ್ ಇಲ್ಲವಲ್ಲ!

ಗಾಡಿ ನಿಂತಿದೆ, ಲಿವರ್ ಡಿಯಲ್ಲಿದೆ, ಕಾಲು ಬ್ರೇಕಿನ ಮೇಲಿದೆ ಅಂದುಕೊಳ್ಳಿ. ಎಂಜಿನ್ ಕಡೆಯ ರೆಕ್ಕೆ ತಿರುಗುತ್ತಿದೆ, ಗೇರ್ ಕಡೆಯದನ್ನು ಬ್ರೇಕು ಹಿಡಿದಿಟ್ಟಿದೆ. ಎಂಜಿನ್ ಕೊಟ್ಟ ಶಕ್ತಿ ಚಕ್ರಕ್ಕೆ ಹೋಗುತ್ತಿಲ್ಲ. ಮತ್ತೆ ಎಲ್ಲಿಗೆ ಹೋಗಬೇಕು? ಎಣ್ಣೆಯನ್ನು ಕಾಯಿಸುತ್ತೆ. ಒಂದು ಅಂದಾಜು ಲೆಕ್ಕ ಹಾಕೋಣ. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಾ 25 ನ್ಯೂಟನ್ ಮೀಟರ್‌ನಷ್ಟು ಬಲವನ್ನು ಕನ್ವರ್ಟರ್‌ಗೆ ಕೊಡುತ್ತಿದ್ದರೆ, ಅದು ಹೆಚ್ಚೂಕಮ್ಮಿ 2 ಕಿಲೋವಾಟ್. ನಿಮ್ಮ ಬಾತ್‌ರೂಮಿನ ಗೀಸರ್ ನೋಡಿ, ಅದರ ಮೇಲೂ 2 ಕಿಲೋವಾಟ್ ಅಂತಲೇ ಬರೆದಿರುತ್ತೆ. ಅಂದರೆ ಸಿಗ್ನಲ್ಲಿನಲ್ಲಿ ಡಿ ಹಾಕಿ ನಿಂತ ಅಷ್ಟೂ ಹೊತ್ತು ಗಾಡಿಯ ಹೊಟ್ಟೆಯಲ್ಲಿ ಒಂದು ಗೀಸರ್ ಆನ್ ಆಗಿರುತ್ತೆ.

ಇದು ಸಮತಟ್ಟು ರಸ್ತೆಯ ಕಥೆ. ಫ್ಲೈಓವರ್ ಏರಿನಲ್ಲೋ, ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪಿನಲ್ಲೋ ಮುಂದಿನ ಗಾಡಿ ನಿಂತಾಗ ಕೆಲವರು ಬ್ರೇಕ್ ಒತ್ತದೆ, ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ ಗಾಡಿ ಹಿಂದೆ ಜಾರದ ಹಾಗೆ ಹಿಡಿದಿಡುತ್ತಾರೆ. ನೋಡೋಕೆ ಬಹಳ ನಾಜೂಕು. ಆದರೆ 1,500 ಸುತ್ತಿನಲ್ಲಿ 100 ನ್ಯೂಟನ್ ಮೀಟರ್ ಅಂದರೂ ಸುಮಾರು 15 ಕಿಲೋವಾಟ್ ದಾಟುತ್ತೆ. ಒಂದಲ್ಲ, ಏಳೆಂಟು ಗೀಸರ್! ಟ್ರಾಫಿಕ್ಕಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಸುಡೋಕೆ ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಬಿಸಿ ಹೋಗೋದಕ್ಕೂ ವ್ಯವಸ್ಥೆ ಇದೆ ಅನ್ನಿ. ಗೇರ್‌ಬಾಕ್ಸಿನ ಆಯಿಲ್ ಒಂದು ಕೂಲರ್ ಮೂಲಕ ಸುತ್ತಿ ಬರುತ್ತೆ. ಎಷ್ಟೋ ಗಾಡಿಗಳಲ್ಲಿ ಅದು ರೇಡಿಯೇಟರ್ ಒಳಗೇ ಇರುತ್ತೆ, ಕೆಲವದರಲ್ಲಿ ಮುಂದೆ ಗಾಳಿಗೆ ಬೇರೆ ಕೂಲರ್ ಕೂಡ ಇರುತ್ತೆ. ಹೈವೇನಲ್ಲಿ ಮುಖಕ್ಕೆ ಗಾಳಿ ಬಡಿಯುತ್ತೆ. ಜೊತೆಗೆ ವೇಗ ಸ್ವಲ್ಪ ಏರಿದ ಮೇಲೆ ‘ಲಾಕಪ್’ ಕ್ಲಚ್ ಬಿದ್ದು ಎರಡೂ ರೆಕ್ಕೆ ಒಟ್ಟಿಗೆ ತಿರುಗುತ್ತವೆ, ಎಣ್ಣೆಗೆ ಬಹುಮಟ್ಟಿಗೆ ರಜಾ. ನಮ್ಮ ಸಿಟಿಯಲ್ಲಿ ಎರಡೂ ಇಲ್ಲ. ಹತ್ತು ಕಿಲೋಮೀಟರ್ ವೇಗದಲ್ಲಿ ಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಎಳೆದಷ್ಟೇ. ಅದೂ ಮೊದಲು ಏಸಿ ಕಂಡೆನ್ಸರ್ ದಾಟಿ, ಅದರ ಬಿಸಿ ಹೊತ್ತು ಬರುವ ಗಾಳಿ. ಬೆಂಗಳೂರು ತಂಪೂರು ಅನ್ನೋ ಮಾತು ಬೇರೆ ಕೇಳ್ತೀವಿ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಮುಟ್ಟಿತ್ತು.

ಹಾಗಾದರೆ ಎಷ್ಟು ಡಿಗ್ರಿ ಸಹಜ? ಸಾಮಾನ್ಯ ಓಡಾಟದಲ್ಲಿ ಎಂಬತ್ತರಿಂದ ತೊಂಬತ್ತೈದು ಡಿಗ್ರಿ ಸೆಲ್ಸಿಯಸ್ ಆರೋಗ್ಯದ ಲಕ್ಷಣ. ದಟ್ಟ ಟ್ರಾಫಿಕ್ಕಿನಲ್ಲಿ ನೂರು, ನೂರೈದು ಆದರೂ ಗಾಬರಿ ಬೇಡ. ನೂರಿಪ್ಪತ್ತರ ಹತ್ತಿರ ಹೋಗಿ ಅಲ್ಲೇ ಕೂತರೆ ಯೋಚಿಸಬೇಕು. ನೂರೈವತ್ತರ ಹತ್ತಿರ ರಬ್ಬರ್ ಸೀಲು ಗಟ್ಟಿಯಾಗುತ್ತೆ, ಒಳಗಿನ ಕ್ಲಚ್ ಪ್ಲೇಟುಗಳು ಕರಕಲಾಗೋಕೆ ಶುರು. ಮೆಕ್ಯಾನಿಕ್‌ಗಳಲ್ಲಿ ಒಂದು ಹಳೇ ಲೆಕ್ಕ ಚಾಲ್ತಿಯಲ್ಲಿದೆ. ಎಂಬತ್ತು ಡಿಗ್ರಿಯ ಮೇಲೆ ಪ್ರತಿ ಹನ್ನೊಂದು ಡಿಗ್ರಿ ಏರಿದಾಗಲೂ ಆಯಿಲ್‌ನ ಆಯಸ್ಸು ಅರ್ಧ. ಇವತ್ತಿನ ಸಿಂಥೆಟಿಕ್ ಆಯಿಲ್‌ಗೆ ಅದು ಅಕ್ಷರಶಃ ಹೊಂದಲಿಕ್ಕಿಲ್ಲ, ಆದರೆ ದಿಕ್ಕಂತೂ ಸರಿ. ಅಡುಗೆ ಮನೆಯಲ್ಲಿ ಒಂದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಬೋಂಡಾ ಕರಿದರೆ ಏನಾಗುತ್ತೆ ಅಂತ ಈ ಅಂಕಣ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಕಪ್ಪಾಗುತ್ತೆ, ವಾಸನೆ ಬರುತ್ತೆ, ತಳದಲ್ಲಿ ಮಡ್ಡಿ ಕೂರುತ್ತೆ. ಇದೂ ಹಾಗೇ.

ನಮ್ಮ ಭಾವ ತಿಲಕ್ ನಗರದವರು. 2017ರ ಆಟೊಮ್ಯಾಟಿಕ್ ಕ್ರಿಸ್ಟಾ ಇಟ್ಟಿದ್ದಾರೆ, ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಕಳೆದ ಏಪ್ರಿಲ್‌ನಲ್ಲಿ ಎಚ್‌ಎಸ್‌ಆರ್ ಲೇಔಟಿನ ಒಂದು ಗೃಹಪ್ರವೇಶಕ್ಕೆ ಅವರ ಜೊತೆ ಹೊರಟಿದ್ದೆ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಅಡಾಪ್ಟರ್ ಸಿಕ್ಕಿಸಿ, ಫೋನನ್ನು ನನ್ನ ಕೈಗೆ ಕೊಟ್ಟರು.

“ನೀನು ಇದನ್ನೇ ನೋಡ್ತಾ ಇರು. ನಾನು ರೋಡ್ ನೋಡ್ತೀನಿ” ಅಂದರು.

ಮನೆ ಬಿಟ್ಟಾಗ ಫೋನಿನಲ್ಲಿ 41 ಇತ್ತು. ಜಯದೇವ ತಲುಪುವಾಗ 78. ಬಿಟಿಎಂನ ಉಡುಪಿ ಗಾರ್ಡನ್ ಸಿಗ್ನಲ್ಲಿನಲ್ಲಿ 92.

“ಭಾವ, ಇದು ಏರ್ತಾನೇ ಇದೆಯಲ್ಲ, ಅಲ್ಲಿ ಮುಳ್ಳು ಮಾತ್ರ ಅಲ್ಲಾಡ್ತಾ ಇಲ್ಲ?”

“ಆ ಮುಳ್ಳು ಅಲ್ಲಾಡೋದೇ ಇಲ್ಲ ಕಣೋ. ನಮಗೆ ಗಾಬರಿ ಆಗಬಾರದು ಅಂತ ಅಲ್ಲೇ ನಿಲ್ಲಿಸಿರ್ತಾರೆ.”

ಹಿಂದಿನ ಸೀಟಿನಿಂದ ಅಕ್ಕ, “ಏನಾದರೂ ಮಾಡಿಕೊಳ್ಳಿ, ಏಸಿ ಮಾತ್ರ ಆಫ್ ಮಾಡಬೇಡಿ, ರೇಷ್ಮೆ ಸೀರೆ ಉಟ್ಟಿದೀನಿ” ಅಂದಳು. ಸಿಲ್ಕ್ ಬೋರ್ಡ್ ಹತ್ತಿರ 103 ಆಯಿತು. ಅಲ್ಲಿ ಎರಡು ನಿಮಿಷ ನಿಲ್ಲಬೇಕಾದಾಗ ಭಾವ ಲಿವರನ್ನು ಎನ್‌ಗೆ ತಂದರು. ಏರುತ್ತಿದ್ದ ಅಂಕಿ ನಿಂತಿತು, ಸಿಗ್ನಲ್ ಬಿಡುವಷ್ಟರಲ್ಲಿ ಮೂರು ಡಿಗ್ರಿ ಇಳಿದಿತ್ತು. ಅದೇ ಗಾಡಿ ಮೈಸೂರು ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವಾಗ 86ರ ಆಸುಪಾಸಿನಲ್ಲಿ ಇರುತ್ತಂತೆ. ಒಂದು ಗಾಡಿಯ ಒಂದು ದಿನದ ಅಂಕಿ ಇದು, ಎಲ್ಲಾ ಗಾಡಿಗೂ ಹೀಗೇ ಅನ್ನೋಕಾಗಲ್ಲ. ಆದರೆ ಎಂಜಿನ್ ಮುಳ್ಳು ತಣ್ಣಗೆ ಕೂತಿರುವಾಗಲೇ ಗೇರ್‌ಬಾಕ್ಸ್ ಅರವತ್ತು ಡಿಗ್ರಿ ಏರಿದ್ದನ್ನು ಕಣ್ಣಾರೆ ಕಂಡೆ. ಅಂದ ಹಾಗೆ, ಅಗ್ಗದ ಅಡಾಪ್ಟರ್ ಜೊತೆ ಬರುವ ಸಾಮಾನ್ಯ ಆ್ಯಪ್‌ಗಳು ಈ ಅಂಕಿ ತೋರಿಸಲ್ಲ. ಗೇರ್‌ಬಾಕ್ಸ್ ಬಿಸಿಯ ಮಾಹಿತಿ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇರುತ್ತೆ. ನಿಮ್ಮ ಮಾಡೆಲ್‌ಗೆ ಹೊಂದುವ ಆ್ಯಪ್ ಹುಡುಕಿಕೊಂಡೇ ಅಡಾಪ್ಟರ್ ಕೊಳ್ಳಿ.

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರ್ತೀನಿ. ಒಂದು ದಿನ 103 ಡಿಗ್ರಿ ಆದರೆ ಏನೂ ಆಗಲ್ಲ. ತೊಂದರೆ ಇರೋದು ನಾವು ಗಾಡಿಯ ವಯಸ್ಸನ್ನು ಅಳೆಯುವ ರೀತಿಯಲ್ಲಿ. ನಾವು ಅಳೆಯೋದು ಕಿಲೋಮೀಟರಿನಲ್ಲಿ. ‘ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಬೇಕು?’ ಅಂತ ಕೇಳಿದರೆ ಒಬ್ಬರು ಎಂಬತ್ತು ಸಾವಿರ ಅಂತಾರೆ, ಇನ್ನೊಬ್ಬರು ‘ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟಲೇಬೇಡಿ’ ಅಂತಾರೆ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಈ ವೇಗದಲ್ಲಿ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ ಸುಮಾರು 4,550 ಗಂಟೆ ಕೆಲಸ ಮಾಡಿರುತ್ತೆ. ಹಾಸನದಲ್ಲೋ ಚಿತ್ರದುರ್ಗದಲ್ಲೋ ಹೆದ್ದಾರಿ ಪಕ್ಕ ಇದ್ದು ಸರಾಸರಿ ಅರವತ್ತರಲ್ಲಿ ಓಡಿದ ಗಾಡಿ ಅಷ್ಟೇ ಕಿಲೋಮೀಟರಿಗೆ 1,330 ಗಂಟೆ. ಮೀಟರ್ ಎರಡರಲ್ಲೂ ಒಂದೇ ಅಂಕಿ ತೋರಿಸುತ್ತೆ. ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹೊತ್ತು ದುಡಿದಿದೆ, ಅದೂ ಹೆಚ್ಚು ಬಿಸಿಯಲ್ಲಿ.

2020ರಲ್ಲಿ ಮೆಟ್ರೊಗಾಗಿ ಜಯದೇವ ಫ್ಲೈಓವರ್ ಒಡೆದ ಮೇಲೆ ಈ ಭಾಗದ ಗಾಡಿಗಳು ವರ್ಷಗಟ್ಟಲೆ ತೆವಳಿದವು. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆಯಿತು, 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬಂತು, ಸ್ವಲ್ಪ ಉಸಿರಾಡುವ ಹಾಗಾಯಿತು. ಆದರೆ ಆ ವರ್ಷಗಳ ತೆವಳಾಟವನ್ನು ಆಯಿಲ್ ಮರೆಯಲ್ಲ.

‘ಲೈಫ್‌ಟೈಮ್’ ಅನ್ನೋ ಪದದ ಬಗ್ಗೆ ನನಗೆ ಅನುಮಾನ. ಯಾರ ಲೈಫ್? ಗಾಡಿಯದೋ, ವಾರಂಟಿಯದೋ? ಗಾಡಿ ಜೊತೆ ಕೊಟ್ಟ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ಬಹಳಷ್ಟು ಪುಸ್ತಕಗಳಲ್ಲಿ ಸರ್ವಿಸ್ ಪಟ್ಟಿಯ ಪಕ್ಕ ‘ಕಠಿಣ ಬಳಕೆ’ ಅಂತ ಇನ್ನೊಂದು ಪಟ್ಟಿ ಇರುತ್ತೆ. ಧೂಳು, ಭಾರ ಎಳೆಯುವುದು, ಬೆಟ್ಟದ ರಸ್ತೆ, ಜೊತೆಗೆ ನಿಂತು ನಿಂತು ಹೋಗುವ ಸಿಟಿ ಓಡಾಟ ಎಲ್ಲಾ ಅದರಲ್ಲಿ ಬರುತ್ತೆ. ನಾವು ಕಠಿಣ ಅಂದರೆ ಲಡಾಖ್ ಅಂದುಕೊಂಡಿರ್ತೀವಿ. ಬಿಟಿಎಂ ಕೂಡ ಅದೇ ಪಟ್ಟಿಯಲ್ಲಿದೆ! ಬೆಂಗಳೂರಿನ ಒಳಗೇ ಓಡುವ ಡೀಸೆಲ್ ಆಟೊಮ್ಯಾಟಿಕ್‌ಗೆ ಐವತ್ತು ಅರವತ್ತು ಸಾವಿರಕ್ಕೆ ಗೇರ್‌ಬಾಕ್ಸ್ ಆಯಿಲ್ ಬದಲಿಸುವುದು ದುಂದು ಅಂತ ನನಗನ್ನಿಸಲ್ಲ. ಆಯಿಲ್ ಬದಲಿಸೋದು ಸಾವಿರಗಳ ಮಾತು, ಗೇರ್‌ಬಾಕ್ಸ್ ಬದಲಿಸೋದು ಲಕ್ಷಗಳ ಮಾತು.

ಬದಲಿಸೋಕೆ ಹೋದಾಗ ಒಂದೆರಡು ಸಂಗತಿ ಗಮನಿಸಿ. ಕೆಳಗಿನ ಬೋಲ್ಟ್ ಬಿಚ್ಚಿ ಸುರಿಸಿದರೆ ಹಳೇ ಆಯಿಲ್ ಪೂರ್ತಿ ಬರಲ್ಲ, ಅರ್ಧಕ್ಕಿಂತ ಹೆಚ್ಚು ಕನ್ವರ್ಟರ್ ಮತ್ತು ಕೂಲರ್ ಒಳಗೇ ಉಳಿದಿರುತ್ತೆ. ಅದಕ್ಕೇ ಕೆಲವರು ಸ್ವಲ್ಪ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಿಸುತ್ತಾರೆ, ಕೆಲವರು ಮಶೀನ್ ಹಾಕಿ ಒಂದೇ ಸಲ ಬದಲಿಸುತ್ತಾರೆ. ಲಕ್ಷ ದಾಟಿಯೂ ಒಮ್ಮೆಯೂ ಬದಲಿಸದ ಗಾಡಿಗೆ ಮೊದಲನೆಯ ದಾರಿಯೇ ವಾಸಿ. ಮಶೀನಿನ ಒತ್ತಡಕ್ಕೆ ತಳದ ಮಡ್ಡಿ ಎದ್ದು ವಾಲ್ವುಗಳಲ್ಲಿ ಕೂರುವ ಭಯ ಇರುತ್ತೆ. ಇನ್ನು ಜೆ.ಸಿ. ರೋಡಿನ ಅಂಗಡಿಯಲ್ಲಿ ‘ಎಲ್ಲಾ ಎಟಿಎಫ್ ಒಂದೇ ಸಾರ್’ ಅಂದರೆ ಒಪ್ಪಬೇಡಿ. ಒಂದೇ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಬರೆದ ಹೆಸರಿನದೇ ಬೇಕು. ಮಟ್ಟ ನೋಡುವುದೂ ಎಂಜಿನ್ ಆಯಿಲ್ ಥರ ಅಲ್ಲ. ಈಗಿನ ಎಷ್ಟೋ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಚಾಲೂ ಇಟ್ಟು, ಆಯಿಲ್ ನಿಗದಿತ ಬಿಸಿಗೆ ಬಂದಾಗ ಪಕ್ಕದ ಪ್ಲಗ್ ತೆಗೆದು, ಹೆಚ್ಚಾದದ್ದು ಸುರಿದು ಹೋಗಲು ಬಿಡಬೇಕು. ಆ ಬಿಸಿಯನ್ನು ಸ್ಕ್ಯಾನರ್‌ನಲ್ಲಿ ನೋಡದೆ ‘ಅಂದಾಜಿನ ಮೇಲೆ’ ಹಾಕುವ ಗ್ಯಾರೇಜ್ ಆದರೆ ನಮಸ್ಕಾರ ಹೇಳಿ ಬಂದುಬಿಡಿ.

ಓಡಿಸುವ ರೀತಿಯ ಬಗ್ಗೆ ಮನೆಮನೆಯಲ್ಲೂ ನಡೆಯುವ ಜಗಳ ಒಂದೇ, ಸಿಗ್ನಲ್ಲಿನಲ್ಲಿ ಎನ್ ಹಾಕಬೇಕೋ ಬೇಡವೋ. ಹತ್ತಿಪ್ಪತ್ತು ಸೆಕೆಂಡಿಗೆಲ್ಲಾ ಎನ್, ಡಿ, ಎನ್, ಡಿ ಅಂತ ಆಡಿಸಬೇಡಿ, ಪ್ರತಿ ಸಲವೂ ಒಳಗಿನ ಕ್ಲಚ್ ಹಿಡಿದು ಬಿಟ್ಟು ಮಾಡಬೇಕಾಗುತ್ತೆ. ಕೌಂಟ್‌ಡೌನ್‌ನಲ್ಲಿ ಅರವತ್ತಕ್ಕಿಂತ ಹೆಚ್ಚು ಕಂಡರೆ ಎನ್ ಹಾಕಿ, ಬ್ರೇಕ್ ಹಿಡಿದಿರಿ. ಆಟೊ ಹೋಲ್ಡ್ ಬಟನ್ ಒತ್ತಿದರೆ ಕಾಲಿಗೆ ವಿಶ್ರಾಂತಿ ಸಿಗುತ್ತೆ, ಆಯಿಲ್‌ಗಲ್ಲ. ಲಿವರ್ ಇನ್ನೂ ಡಿಯಲ್ಲೇ ಇದೆಯಲ್ಲ! ನಿಂತಾಗ ತಾನೇ ನ್ಯೂಟ್ರಲ್ಲಿಗೆ ಹೋಗುವ ಗೇರ್‌ಬಾಕ್ಸುಗಳೂ ಕೆಲವು ಇವೆ, ಅಂಥದ್ದಾದರೆ ಈ ತಲೆನೋವೇ ಇಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ಅಂತ ಎನ್ ಹಾಕಿ ಉರುಳಿಸೋದು ಮಾತ್ರ ಬೇಡವೇ ಬೇಡ.

ಡಿಸಿಟಿ ಗೇರ್‌ಬಾಕ್ಸ್ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿ ನಿಜವಾದ ಕ್ಲಚ್ ಪ್ಲೇಟ್‌ಗಳೇ ಇವೆ. ಇಂಚಿಂಚು ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಜಾರುತ್ತಾ ಸವೆಯುತ್ತವೆ. ಡ್ರೈ ಕ್ಲಚ್ ಆದರೆ ತಂಪು ಮಾಡೋಕೆ ಎಣ್ಣೆಯೂ ಇಲ್ಲ. ಮುಂದಿನ ಗಾಡಿ ಒಂದಡಿ ಹೋದರೆ ನೀವೂ ಒಂದಡಿ ಹೋಗಬೇಡಿ, ಒಂದು ಗಾಡಿಯಷ್ಟು ಜಾಗ ಆಗಲಿ, ಆಮೇಲೆ ಬ್ರೇಕ್ ಬಿಡಿ. ಆ ಜಾಗಕ್ಕೆ ಆಟೊ ನುಗ್ಗುತ್ತೆ ಅಂತೀರಾ? ನುಗ್ಗುತ್ತೆ. ನುಗ್ಗಲಿ ಬಿಡಿ.

ಎಚ್ಚರಿಕೆಯ ದೀಪ ಹತ್ತಿಯೇಬಿಟ್ಟಿತು ಅಂದುಕೊಳ್ಳಿ. ಎಲ್ಲರಿಗೂ ಮೊದಲು ಹೊಳೆಯೋದು ಕೀ ತಿರುಗಿಸಿ ಆಫ್ ಮಾಡೋದು. ಗೇರ್‌ಬಾಕ್ಸ್ ದೀಪ ಮಾತ್ರ ಹತ್ತಿ, ಎಂಜಿನ್ ಮುಳ್ಳು ಸರಿ ಇದ್ದು, ಕೆಳಗೆ ಏನೂ ಸೋರುತ್ತಿಲ್ಲ ಅಂದರೆ ಆಫ್ ಮಾಡಬೇಡಿ. ಪಕ್ಕಕ್ಕೆ ತೆಗೆದು, ಪಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ನನ್ನು ಐಡಲ್‌ನಲ್ಲಿ ಬಿಡಿ. ಆಯಿಲ್ ಪಂಪ್ ತಿರುಗೋದು ಎಂಜಿನ್ನಿನಿಂದಲೇ. ಎಂಜಿನ್ ನಿಂತರೆ ಬಿಸಿ ಆಯಿಲ್ ಕೂಲರ್ ತನಕ ಹೋಗದೆ ಅಲ್ಲೇ ನಿಂತುಬಿಡುತ್ತೆ. ದೀಪ ಆರಿದ ಮೇಲೆ ಹೊರಡಿ. ಎಂಜಿನ್ ಮುಳ್ಳೂ ಕೆಂಪು ಮುಟ್ಟಿದ್ದರೆ ಅಥವಾ ನೀರು, ಆಯಿಲ್ ಸೋರುತ್ತಿದ್ದರೆ ಮಾತು ಬೇರೆ, ತಕ್ಷಣ ಆಫ್ ಮಾಡಿ ಟೋ ಮಾಡಿಸಿ. ದೀಪ ಪದೇಪದೇ ಹತ್ತುತ್ತಿದ್ದರೂ ಕಾಯಬೇಡಿ, ಕೂಲರ್ ಕಟ್ಟಿಕೊಂಡಿದೆಯಾ, ಫ್ಯಾನ್ ಸರಿಯಾಗಿ ತಿರುಗುತ್ತಾ ಅಂತ ನೋಡಿಸಿ. ರೇಡಿಯೇಟರ್ ಮುಂದಿನ ಜಾಲರಿಯಲ್ಲಿ ಧೂಳು, ಎಲೆ, ಹುಳ ಸೇರಿಕೊಂಡು ಗಾಳಿ ಕಟ್ಟಿದ್ದರೆ ಒಂದು ಪೈಪ್ ನೀರಿನಲ್ಲೇ ಅರ್ಧ ಕಾಯಿಲೆ ವಾಸಿಯಾಗುತ್ತೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದಿಷ್ಟು. ಮೀಟರ್ ನೋಡಿ ‘ಅರವತ್ತೇ ಸಾವಿರ’ ಅಂತ ಹಿಗ್ಗಬೇಡಿ, ಗಾಡಿ ಎಲ್ಲಿ ಓಡಿದೆ ಅಂತ ಕೇಳಿ. ಸಿಟಿಯ ಅರವತ್ತು ಸಾವಿರಕ್ಕಿಂತ ಊರಿನ ಲಕ್ಷ ಮೇಲಾಗಿರಬಹುದು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಇದೆಯಾ ಕೇಳಿ. ಟ್ರಯಲ್ ನೋಡುವಾಗ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಸಾಲದು, ಬೇಕಂತಲೇ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಓಡಿಸಿ. ತಣ್ಣಗಿದ್ದಾಗ ಬೆಣ್ಣೆಯ ಹಾಗೆ ಗೇರ್ ಬದಲಿಸಿದ ಗಾಡಿ ಬಿಸಿಯಾದ ಮೇಲೆ ಜಗ್ಗಿದರೆ, ಡಿ ಹಾಕಿದಾಗ ಒಂದೆರಡು ಸೆಕೆಂಡ್ ತಡಮಾಡಿದರೆ, ಒಳಗೆ ಏನೋ ಇದೆ. ಆಮೇಲೆ ಲಿಫ್ಟ್ ಮೇಲೆ ಹತ್ತಿಸಿ ಒಂದು ತೊಟ್ಟು ಆಯಿಲ್ ಬಿಳಿ ಬಟ್ಟೆಯ ಮೇಲೆ ಬಿಡಿಸಿ. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತೆ. ಕಂದು ಆಗಿದ್ದರೆ ಬದಲಿಸುವ ಕಾಲ. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಬೇರೆ ಗಾಡಿ ನೋಡಿ. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿ ನೊರೆ ನೊರೆ ಆಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಗೇರ್‌ಬಾಕ್ಸಿಗೆ ಸೇರಿದೆ ಅಂತ ಅರ್ಥ, ಅಂಥದ್ದನ್ನು ಎಷ್ಟು ಕಮ್ಮಿಗೆ ಕೊಟ್ಟರೂ ಮನೆಗೆ ತರಬೇಡಿ.